ಐದು ನಿಮಿಷದ ಪೈಲ್ವಾನರು

ತಿಕೋಟಾದ ನಮ್ಮ ನೆರೆಮನೆಯ ಮುದಿ ಪೈಲ್ವಾನರು ದಿನಕ್ಕೊಮ್ಮೆಯಾದರೂ ತೊಡೆ ತಟ್ಟಿ, "ನನ್ನ ಬೆನ್ನಿಗೆ ಇನ್ನೂ ಮಣ್ಣು ಹತ್ತಿಲ್ರಿ" ಅನ್ನುತ್ತಿದ್ದರು. ಅರವತ್ತರ ದಶಕದಲ್ಲೊಮ್ಮೆ ವಿಜಾಪುರದ ಕುಸ್ತಿ ಕಮಿಟಿಯವರು, ಟಿಕೀಟು ಖರ್ಚಾಗಲೆಂದು, ಅವರನ್ನೂ ಅವರ ಹಳೇ ವೈರಿಯನ್ನೂ ಐದೇ ನಿಮಿಷದ ಕುಸ್ತಿಗೆ ಕರೆಸಿದರು. ಯಾರೂ ಯಾರನ್ನೂ ಕೆಡವಬಾರದೆಂದು ಮೊದಲೇ ಮಾತಾಗಿತ್ತು.

ಕೈ ಕೂಡಿಸಿದವರು ಐದು ನಿಮಿಷ ಕಳೆದರೂ ಬಿಡಲಿಲ್ಲ. "ಹಳೇ ಹಗಿ ನೋಡ್ರಲೇ!" ಎಂದು ಜನ ರುಮಾಲು ಹಾರಿಸಿದರು. ಊರಿಂದ ಪೈಲ್ವಾನರ ಸಂಗಡ ಬಂದಿದ್ದ ನಾನೂ ಪಂಚರ ಜೊತೆ ಬಿಡಿಸಲು ಹೋದಾಗ ಅವರ ಪಿಸುಮಾತು ಕೇಳಿತು: "ಬಿಡಬ್ಯಾಡೋ ದೋಸ್ತ, ಮೊಣಕಾಲು ನಡಗಾಕತ್ತಾವ."

"ನಾ ಎಲ್ಲಿ ಬಿಡ್ಲೋ ಯಪ್ಪಾ, ನಿನ್ನ ಹಿಡಕೊಂಡ ನಿಂತೇನಿ" ಅಂದ ವೈರಿ.

ಪಂಚರು ಕುಸ್ತಿ ಸಮ ಎಂದು ಸಾರಿದರು. ಇಬ್ಬರೂ ಹಾಗೇ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಸೀಟಿನಲ್ಲಿ ಕೂತಮೇಲೆ ಪೈಲ್ವಾನರು ತೊಡೆ ತಟ್ಟಿದರು, ಬಹಳ ಮೆಲ್ಲಗೆ.

"ನೋಡಿದ್ರಿಲ್ಲೋ? ಇವತ್ತೂ ಮಣ್ಣು ಹತ್ತಲಿಲ್ಲ."