ಹೊಟ್ಟೆನೋವು ಎನ್ನುವ ಹುಡುಗಿಯರೂ ಒಬ್ಬ ಗದರಮ್ಮನೂ

ಬೆಳಿಗ್ಗೆ ಆರೂಕಾಲು. ಆಸ್ಪತ್ರೆಯ ಚೀಟಿ ಕೌಂಟರ್ ತೆರೆಯುವುದು ಎಂಟಕ್ಕೆ. ಹಜಾರದ ಅರ್ಧ ನೆಲ ಒದ್ದೆ, ಇನ್ನರ್ಧ ಒಣ. ಒದ್ದೆ ಕಡೆ ಕಾಲಿಟ್ಟವರಿಗೆಲ್ಲ ಬೈಗುಳ ಬೀಳುತ್ತಿದೆ. ನನಗೂ ಬೀಳುತ್ತದೆ. “ಪೇಪರ್‌ನೋರಾ? ಯಾರಾದ್ರೂ ಆಗಿರಿ, ಆ ಕಡೆಯಿಂದ ಸುತ್ಕೊಂಡು ಬನ್ನಿ!”

ಐವತ್ನಾಲ್ಕು ವರ್ಷದ ಈ ಆಯಾಗೆ ಸಿಬ್ಬಂದಿ ಇಟ್ಟಿರುವ ಹೆಸರು ಗದರಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಆದರೆ ಅವರಿಗೆ ಗೊತ್ತು. ನೆಲ ಒರೆಸಿ, ಕೈ ತೊಳೆದುಕೊಂಡು ಅವರು ಹೆಂಗಸರ ಸಾಲಿನುದ್ದಕ್ಕೂ ನಡೆಯುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ಏಳನೇ ನಂಬರ್ ಕೋಣೆಗೆ ಸ್ತನದ ತೊಂದರೆ ನೋಡುವ ಲೇಡಿ ಡಾಕ್ಟರ್ ಬರುತ್ತಾರೆ. ಆ ಎರಡು ದಿನ ಗದರಮ್ಮ ಸಾಲಿನಲ್ಲಿ ಹುಡುಕುವುದು ಸುಳ್ಳು ಹೇಳಲು ತಯಾರಾಗಿ ನಿಂತ ಹುಡುಗಿಯರನ್ನು.

“ಏನಮ್ಮ ತೊಂದ್ರೆ?”

“ಹೊಟ್ಟೆನೋವು ಆಂಟಿ.”

“ಹೊಟ್ಟೆನೋವಿಗೆ ಆ ಫೈಲನ್ನ ಎದೆಗ್ಯಾಕೆ ಅವುಚ್ಕೊಂಡಿದ್ದೀಯ?”

ಕಾಲೇಜು ಹುಡುಗಿ. ತಲೆ ತಗ್ಗಿಸುತ್ತಾಳೆ.

“ಗಂಟಾ, ನೋವಾ?”

“ಎರಡೂ.”

“ಎಷ್ಟು ದಿನ ಆಯ್ತು?”

“ಐದು ತಿಂಗಳು.”

“ಐದು ತಿಂಗಳು! ಹಲ್ಲುನೋವಾಗಿದ್ರೆ ಐದು ದಿನ ತಡ್ಕೋತಿದ್ಯಾ? ಬಾ ಈಚೆ.”

ಈ ಸುಳ್ಳಿಗೆ ಕಾರಣ ಕೌಂಟರಿನ ಗುಮಾಸ್ತರು. ಮನುಷ್ಯ ಒಳ್ಳೆಯವರೇ, ಗಂಟಲು ಮಾತ್ರ ಮೈಕು. ಗಾಜಿನ ಹಿಂದೆ ಕೂತು “ಏನು ಕಾಯಿಲೆ?” ಎಂದರೆ ಗೇಟಿನ ಹೊರಗಿನವರಿಗೂ ಕೇಳುತ್ತದೆ. ಹಿಂದೆ ನೂರು ಜನ ನಿಂತಿರುವಾಗ ಇಪ್ಪತ್ತು ವರ್ಷದ ಹುಡುಗಿ ಏನು ಹೇಳಿಯಾಳು? ಹೊಟ್ಟೆನೋವು ಅನ್ನುತ್ತಾಳೆ. ಚೀಟಿ ಮೂರನೇ ಕೋಣೆಗೆ ಹೋಗುತ್ತದೆ. ಅಲ್ಲಿ ಎರಡು ಗಂಟೆ ಕಾದು, ಹೊಟ್ಟೆ ಒತ್ತಿಸಿಕೊಂಡು, ಅಲ್ಲಿಯೂ ಬಾಯಿ ಬಾರದೆ, ಬೇಡದ ಗುಳಿಗೆ ಹಿಡಿದು ಮನೆಗೆ ಹೋಗುತ್ತಾಳೆ. ಮುಂದಿನ ತಿಂಗಳು ಮತ್ತೆ ಅದೇ ಸಾಲು, ಅದೇ ಹೊಟ್ಟೆನೋವು. “ಆ ಮೂರನೇ ರೂಮಿನ ಡಾಕ್ಟ್ರಿಗೆ ಹುಚ್ಚು ಹಿಡಿಯೋದೊಂದು ಬಾಕಿ,” ಎನ್ನುತ್ತಾರೆ ಗದರಮ್ಮ.

ಮೂರು ವರ್ಷ ಜಗಳವಾಡಿ ಅವರು ಒಂದು ಪದ್ಧತಿ ತಂದಿದ್ದಾರೆ. ಹುಡುಗಿ ಕಿಟಕಿಯ ಮುಂದೆ ನಿಂತು “ಏಳನೇ ನಂಬರ್” ಅಂದರೆ ಸಾಕು, ಗುಮಾಸ್ತರು ಮುಂದೆ ಏನನ್ನೂ ಕೇಳದೆ ಚೀಟಿ ಬರೆದುಕೊಡಬೇಕು. ಅದನ್ನು ಗೋಡೆಗೆ ಬರೆದು ಅಂಟಿಸಲು ಮೇಲಿನವರು ಒಪ್ಪಲಿಲ್ಲ, ಗೋಡೆಯ ಅಂದ ಕೆಡುತ್ತದಂತೆ! ಹಾಗಾಗಿ ಬೆಳಗಿನ ಹೊತ್ತು ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಕಿವಿಯಲ್ಲಿ ಹೇಳಿಬರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕಿಟಕಿಯ ಮುಂದೆ ನಿಂತ ಕೂಡಲೇ ಗಾಬರಿಬಿದ್ದು ಹೊಟ್ಟೆನೋವು ಅನ್ನುವವರು ಇದ್ದೇ ಇರುತ್ತಾರೆ. ಕೇಳುತ್ತಾ ನಿಂತ ನನಗೇ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಏಳನೇ ಕೋಣೆಗೆ ದಿನಕ್ಕೆ ನಲವತ್ತು ಮಂದಿ ಬರುತ್ತಾರೆ, ಅದರಲ್ಲಿ ಹದಿನೈದು ಮಂದಿಯಾದರೂ ಮೂವತ್ತರೊಳಗಿನವರು. ಈ ವಯಸ್ಸಿನ ಗಂಟುಗಳಲ್ಲಿ ಹೆಚ್ಚಿನವು ಅಪಾಯದವಲ್ಲ, ಮುಟ್ಟಿನ ಮುಂಚೆ ಎದೆ ಬಿಗಿದು ನೋಯುವುದೂ ಸಾಮಾನ್ಯ, ಆದರೂ ಹೊಸ ಗಂಟು ಕಂಡರೆ ತೋರಿಸಲೇಬೇಕು ಎಂದು ಡಾಕ್ಟರ್ ಪ್ರತಿಯೊಬ್ಬರಿಗೂ ಹೇಳುತ್ತಾರೆ. ತೋರಿಸುವ ಬದಲು ಹುಡುಗಿಯರು ಮಾಡಿಕೊಂಡು ಬರುವ ಕಿತಾಪತಿ ಒಂದೆರಡಲ್ಲ. ಬಿಸಿನೀರಿನ ಚೀಲ ಇಟ್ಟು ಚರ್ಮ ಸುಟ್ಟುಕೊಂಡವರಿದ್ದಾರೆ, ಬೆನ್ನುನೋವಿನ ಮುಲಾಮು ತಿಕ್ಕಿದವರಿದ್ದಾರೆ.

“ಇನ್ನು ಕೆಲವ್ರು ಇದಾರೆ, ಗಂಟು ಕರಗಿತಾ ಅಂತ ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡ್ಕೋತಾರೆ. ಒತ್ತಿ ಒತ್ತಿ ಕಂದುಗಟ್ಟಿ, ಆಮೇಲೆ ನೋವು ಜಾಸ್ತಿಯಾಯ್ತು ಅಂತ ಅಳ್ತಾರೆ. ಮೊಣಕೈಯನ್ನ ಇಪ್ಪತ್ತು ಸಲ ಒತ್ತಿದ್ರೂ ನೋಯುತ್ತೆ ಕಣಮ್ಮ ಅಂತೀನಿ! ನಾನೇನು ಡಾಕ್ಟ್ರಲ್ಲ. ಡಾಕ್ಟ್ರ ಬಾಗಿಲವರೆಗೂ ಎಳ್ಕೊಂಡು ಹೋಗೋದಷ್ಟೇ ನನ್ ಕೆಲ್ಸ. ಅದೇ ಸಾಕುಸಾಕಾಗುತ್ತೆ.”

ಗೋಡೆಗೆ ಬಣ್ಣ ಬಳಿಯುತ್ತಿದ್ದ ಗಂಡ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅವರು ಈ ಕೆಲಸಕ್ಕೆ ಸೇರಿದರು. ಆಗ ಅವರಿಗೆ ಇಪ್ಪತ್ತೆಂಟು. ಈಗ ಮನೆಯಲ್ಲಿ ಅಡುಗೆ ಗಂಡನದು, ಗದರುವುದು ಇವರದು. ಒಬ್ಬಳೇ ಮಗಳು. ಇಪ್ಪತ್ತನಾಲ್ಕು ವರ್ಷ, ಕನ್ನಡಕದಂಗಡಿಯಲ್ಲಿ ಕೆಲಸ.

ಮಗಳ ಮಾತು ಬಂದಾಗ ಗದರಮ್ಮ ಗಡಿಯಾರ ನೋಡುತ್ತಾರೆ. ನಾನು ಬಂದಾಗಿನಿಂದ ಅವರು ಗಡಿಯಾರ ನೋಡುತ್ತಲೇ ಇದ್ದಾರೆ, ಯಾಕೆಂದು ಈಗ ತಿಳಿಯುತ್ತದೆ. ಮಗಳಿಗೂ ಎಡ ಸ್ತನದಲ್ಲಿ ಒಂದು ಗಂಟಿದೆ. ಎಂಟು ತಿಂಗಳು ಅವಳು ಬಾಯಿ ಬಿಟ್ಟಿರಲಿಲ್ಲ. ಕಡಲೆಕಾಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಬಟ್ಟೆ ಒಣಹಾಕಲು ಕೈ ಎತ್ತಿದವಳು ಮುಖ ಕಿವುಚಿದ್ದನ್ನು ಅಮ್ಮ ಕಂಡದ್ದು ಹದಿನೈದು ದಿನದ ಹಿಂದೆ. ಸ್ಕ್ಯಾನಿಂಗ್ ಆಗಿದೆ, ಸೂಜಿ ಪರೀಕ್ಷೆಯೂ ಆಗಿದೆ. ಅದರ ರಿಪೋರ್ಟು ಇವತ್ತು ಹನ್ನೊಂದಕ್ಕೆ.

“ಊರಿನ ಹುಡುಗೀರನ್ನೆಲ್ಲ ಹುಡುಕಿ ಹುಡುಕಿ ತರ್ತೀನಿ. ನನ್ ಪಕ್ಕದಲ್ಲೇ ಮಲಗೋಳು ಎಂಟು ತಿಂಗಳು ಮುಚ್ಚಿಟ್ಟಿದ್ದಾಳೆ! ಯಾಕೇ ಹೇಳ್ಲಿಲ್ಲ ಅಂದ್ರೆ ಏನಂದ್ಲು ಗೊತ್ತಾ? ನೀನು ಬೈತೀಯ ಅಂತ.” ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಕೌಂಟರಿನವ್ರಿಗೆ ಮೂರು ವರ್ಷ ಉಗಿದೆ, ನಿಮ್ ಗಂಟಲಿಗೆ ಹೆದರಿ ಹುಡುಗೀರು ಸುಳ್ಳು ಹೇಳ್ತಾರೆ ಅಂತ. ನನ್ ಗಂಟಲು ನಂಗೆ ಕೇಳಿಸ್ಲಿಲ್ಲ ನೋಡಿ.”

ಹತ್ತೂಮುಕ್ಕಾಲಿಗೆ ಮಗಳು ಬರುತ್ತಾಳೆ. ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದಾಳೆ. ತಾಯಿಯಷ್ಟೇ ಎತ್ತರ, ಮಾತು ತಾಯಿಯ ಮಾತಿನ ಕಾಲುಭಾಗ. ಹನ್ನೊಂದಾದರೂ ಕರೆಯುವುದಿಲ್ಲ, ರಿಪೋರ್ಟು ಲ್ಯಾಬಿನಿಂದ ಬಂದಿಲ್ಲವಂತೆ. ಹನ್ನೊಂದೂವರೆ ಆಗುತ್ತದೆ. ತಂದುಕೊಡಬೇಕಾದವರು ಟೀಗೆ ಹೋಗಿದ್ದಾರಂತೆ! ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಲ್ಯಾಬಿನ ಬಾಗಿಲು ಅದುರಿರುತ್ತಿತ್ತು. ಇವತ್ತು ಗದರಮ್ಮ ಬೆಂಚಿನ ತುದಿಯಲ್ಲಿ ಮಗಳ ಪಕ್ಕ ತುಟಿ ಬಿಗಿದು ಕೂತಿದ್ದಾರೆ.

ಹನ್ನೆರಡಕ್ಕೆ ಇಬ್ಬರೂ ಏಳನೇ ಕೋಣೆಯೊಳಗೆ ಹೋಗುತ್ತಾರೆ. ನಾನು ಹೊರಗೆ. ಹತ್ತು ನಿಮಿಷದ ಮೇಲೆ ಮೊದಲು ಹೊರಬರುವವಳು ಮಗಳು.

“ಕ್ಯಾನ್ಸರ್ ಅಲ್ವಂತೆ. ಮಾಮೂಲಿ ಗಂಟಂತೆ. ಬೆಳೀತಾ ಇರೋದ್ರಿಂದ ತೆಗೀತಾರಂತೆ, ಬರೋ ಶುಕ್ರವಾರ. ಚಿಕ್ಕ ಆಪರೇಷನ್ನು,” ಎನ್ನುತ್ತಾಳೆ. ಹಿಂದೆಯೇ ಬರುವ ತಾಯಿ ರಿಪೋರ್ಟನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

“ಭಯ ಆಗಿತ್ತು ಕಣೇ,” ಎನ್ನುತ್ತಾರೆ. “ಹದಿನೈದು ದಿನದಿಂದ ನಿದ್ದೆ ಇಲ್ಲ ನಂಗೆ.”

“ನಂಗೆ ಎಂಟು ತಿಂಗಳಿಂದ ಇಲ್ಲ ಅಮ್ಮ.”

ಗದರಮ್ಮ ಮಗಳ ಬ್ಯಾಗು ಕಿತ್ತು ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಗೇಟಿನವರೆಗೂ ಹೋಗಿ, ಬಸ್ಸು ಹತ್ತಿಸಿ ಬರುತ್ತಾರೆ.

ನಿಮ್ಮ ಆಸೆ ಏನು ಎಂದು ಕೊನೆಗೆ ಕೇಳುತ್ತೇನೆ. ಇಂಥ ಲೇಖನಕ್ಕೆ ಬಂದವರು ಕೇಳಲೇಬೇಕಾದ ಪ್ರಶ್ನೆ ಅದು. ಸಂಬಳ ಹೆಚ್ಚಬೇಕು, ಗೋಡೆಗೆ ಒಂದು ಬೋರ್ಡು ಬೇಕು ಅಂದಾರು ಎಂದುಕೊಂಡಿದ್ದೆ.

“ಇನ್ಮೇಲೆ ಏನೇ ಆದ್ರೂ ಅವ್ಳು ಮೊದಲ ದಿನವೇ ನಂಗೆ ಬಂದು ಹೇಳ್ಬೇಕು. ಅಷ್ಟೇ.”

“ಹಾಗಾದ್ರೆ ಬೈಯೋದು ಬಿಟ್ಬಿಡ್ತೀರಾ?”

“ಅದೆಲ್ಲ ಆಗದ ಮಾತು. ಸುಮ್ನೆ ಯಾಕೆ ಸುಳ್ಳು ಹೇಳ್ಲಿ?” ಒರೆಸುವ ಕೋಲು ಎತ್ತಿಕೊಳ್ಳುತ್ತಾರೆ. “ಅವ್ಳು ಪೂರ್ತಿ ಹೇಳಿ ಮುಗಿಸೋವರೆಗೂ ಬಾಯಿ ಮುಚ್ಕೊಂಡಿರ್ತೀನಿ. ಆಮೇಲೆ ಬೈತೀನಿ.”