ಗೋಡೆಗೆ ಮುಖ ಮಾಡಿದ ಕುರ್ಚಿ

ನಮ್ಮ ದೊಡ್ಡಪ್ಪ ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದರು. ಜಾಲರಿ ಬಾಗಿಲಿನ ಹಳೇ ಲಿಫ್ಟು. ಒಳಗೊಂದು ಸ್ಟೂಲು, ಮನಸ್ಸು ಬಂದಾಗ ಮಾತ್ರ ತಿರುಗುವ ಫ್ಯಾನು. ಬಾಗಿಲು ತೆರೆದಾಗಲೆಲ್ಲ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಎಲ್ಲಿಗೆ?" ಬಂದವರು ಹೇಳಿದ ಮಹಡಿಯ ಗುಂಡಿ ಒತ್ತುವುದು, ಮತ್ತೆ ಕೇಳುವುದು. ಇಷ್ಟು ಪ್ರಯಾಣ ಮಾಡಿಯೂ ಒಂದು ಗೇಣು ಆಚೆ ಹೋಗದ ಮನುಷ್ಯ ಎಂದು ನಾವು ಚೇಷ್ಟೆ ಮಾಡಿದರೆ ಅವರೂ ನಗುತ್ತಿದ್ದರು.

ಮನೆಯಲ್ಲೂ ಜಾಗವಿರಲಿಲ್ಲ. ಎರಡು ಕೋಣೆ, ಒಂದು ಹಜಾರ, ತುಂಬ ಜನ. ಬಟ್ಟೆ ಬದಲಾಯಿಸುವುದಕ್ಕೂ ಸರದಿ. ಹಜಾರದ ಮೂಲೆಯಲ್ಲಿ, ಬೀರುವಿನ ಮರೆಯಲ್ಲಿ ದೊಡ್ಡಪ್ಪನ ಹಳೇ ಕಂಪ್ಯೂಟರ್ ಇತ್ತು. ಸಂಜೆ ಕೈಕಾಲು ತೊಳೆದು ಬಂದವರೇ ಗೋಡೆಗೆ ಮುಖ ಮಾಡಿ ಕೂತು, ಹೆಡ್‌ಫೋನ್ ಏರಿಸಿ, ಲಾರಿ ಓಡಿಸುವ ಆಟ ಶುರು ಮಾಡುತ್ತಿದ್ದರು. ಸರಕು ಸಾಗಿಸಿ ಅಂಕ ಗಳಿಸುವ ಆಟ ಅದು. ದೊಡ್ಡಪ್ಪ ಸರಕು ಹೇರುತ್ತಲೇ ಇರಲಿಲ್ಲ. ಖಾಲಿ ಲಾರಿ, ಖಾಲಿ ರಸ್ತೆ, ತಿರುವು ಬಂದ ಕಡೆ ತಿರುಗುವುದು, ಅಷ್ಟೇ.

ಚಿಕ್ಕಪ್ಪ ಟೀವಿ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದವರು. ಅವರಿಗೆ ಟೀವಿಗೆ ಜೋಡಿಸಿ ಆಡುವ ಕನ್ಸೋಲ್ ಎಂದರೆ ಪ್ರಾಣ.

"ಅಣ್ಣ, ಇನ್ನೂ ಆ ಕೀಲಿಮಣೆ ಕುಟ್ಕೊಂಡು ಕೂತಿದ್ದೀಯಲ್ಲ! ಕನ್ಸೋಲ್ ಆದ್ರೆ ಸೋಫಾದ ಮೇಲೆ ಕಾಲು ಚಾಚ್ಕೊಂಡು ಆಡ್ಬಹುದು. ದೊಡ್ಡ ಪರದೆ. ಎಲ್ರೂ ನೋಡ್ಬಹುದು."

"ಎಲ್ರೂ ಯಾಕೆ ನೋಡ್ಬೇಕು?" ಎಂದರು ದೊಡ್ಡಪ್ಪ. ನಾವೆಲ್ಲ ಗೊಳ್ಳೆಂದು ನಕ್ಕೆವು. ಅವರು ತಮಾಷೆಗೆ ಹೇಳಿರಲಿಲ್ಲ.

ಒಂದು ಸಂಜೆ ಅವರು ಮನೆಗೆ ಬಂದಾಗ ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಇತ್ತು. ಟೀವಿಯ ಕೆಳಗೆ ಹೊಸ ಕನ್ಸೋಲ್ ಮಿನುಗುತ್ತಿತ್ತು. ಚಿಕ್ಕಪ್ಪ ಕಂಪ್ಯೂಟರನ್ನು ಅಂಗಡಿಯ ಎಕ್ಸ್‌ಚೇಂಜ್‌ಗೆ ಕೊಟ್ಟು ಬಂದಿದ್ದರು. ದೊಡ್ಡಮ್ಮನ ಒಪ್ಪಿಗೆಯೂ ಸಿಕ್ಕಿತ್ತು.

"ಅದೇ ಲಾರಿ ಆಟ ಇದರಲ್ಲೂ ಇದೆ ರೀ. ಇನ್ಮೇಲೆ ಒಬ್ಬರೇ ಗೋಡೆ ನೋಡ್ಕೊಂಡು ಕೂರೋದು ಬೇಡ," ಎಂದರು ದೊಡ್ಡಮ್ಮ. ಅವರ ಕಣ್ಣಲ್ಲಿ ನಿಜವಾದ ಅಕ್ಕರೆ ಇತ್ತು. ಬೈಯುವುದಾದರೂ ಹೇಗೆ?

ದೊಡ್ಡಪ್ಪ ಚಪ್ಪಲಿ ಸ್ಟ್ಯಾಂಡನ್ನೇ ನೋಡಿದರು. ಆಮೇಲೆ "ಚೆನ್ನಾಗಿದೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಯಲ್ಲಿ ಚಿಕ್ಕಪ್ಪನನ್ನು ಹಿಡಿದು ಕೇಳಿದೆ, "ಒಂದು ಮಾತು ಅವರನ್ನ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದ ಕಣೇ!"

ವಾಪಸ್ ತನ್ನಿ ಎಂದೆ. ಅಂಗಡಿಯವರು ಅದನ್ನು ಆಗಲೇ ಬಿಚ್ಚಿ ಬಿಡಿಭಾಗ ಮಾಡಿಯಾಗಿತ್ತು.

ಅಂದಿನಿಂದ ದೊಡ್ಡಪ್ಪ ಸೋಫಾದ ನಟ್ಟನಡುವೆ ಕೂತು, ಆ ಕಡೆ ದೊಡ್ಡಮ್ಮ, ಈ ಕಡೆ ಚಿಕ್ಕಪ್ಪ ಒತ್ತಿಕೊಂಡಿರುವಾಗ ಲಾರಿ ಓಡಿಸಬೇಕಾಯಿತು. "ಎಡಕ್ಕೆ ಅಣ್ಣ, ಎಡಕ್ಕೆ!" "ಬ್ರೇಕ್ ಹಾಕ್ರೀ, ಗುದ್ದುತ್ತೆ!" "ಸರಕು ಹೇರ್ಕೋ, ಅಂಕ ಬರುತ್ತೆ!" ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಅಂಕಗಳು ರಾಶಿ ಬಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರು ಊಟದ ಹೊತ್ತಿಗಿಂತ ಮೊದಲೇ ಎದ್ದು ಬಚ್ಚಲಲ್ಲಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಲ್ಲತೊಡಗಿದರು. ಅಲ್ಲಿಯೂ ಯಾರಾದರೂ ಬಾಗಿಲು ಬಡಿಯುತ್ತಿದ್ದರು.

ಒಂದು ಭಾನುವಾರ ನಾನು ರೇಗಿಬಿಟ್ಟೆ. "ಇವತ್ತು ಯಾರೂ ಬಾಯಿ ತೆರೀಬಾರ್ದು! ದೊಡ್ಡಪ್ಪ, ನಿಮಗೆ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಿ."

ನನ್ನ ಬಾಯಿಗೆ ಹೆದರಿ ಎಲ್ಲರೂ ತೆಪ್ಪಗಾದರು. ಯಾರೂ ಎದ್ದು ಮಾತ್ರ ಹೋಗಲಿಲ್ಲ; ಹೋಗಲು ಬೇರೆ ಜಾಗವೆಲ್ಲಿತ್ತು? ಸೋಫಾದಲ್ಲಿ, ನೆಲದಲ್ಲಿ, ಬಾಗಿಲಿಗೆ ಒರಗಿ ಎಲ್ಲರೂ ಪರದೆ ನೋಡುತ್ತಿದ್ದೆವು. ಲಾರಿ ಒಂದು ಕೂಡುರಸ್ತೆಗೆ ಬಂದು ನಿಂತಿತು. ಇಂಜಿನ್ ಗುರುಗುಡುತ್ತಿತ್ತು. ದೊಡ್ಡಪ್ಪನ ಹೆಬ್ಬೆರಳು ಕಂಟ್ರೋಲರಿನ ಮೇಲೆ ಹಾಗೇ ಇತ್ತು, ಅಲುಗಲಿಲ್ಲ.

ಕೊನೆಗೆ ನಮ್ಮ ಕಡೆ ತಿರುಗಿ, ಲಿಫ್ಟಿನ ಕೆಲಸದ ದನಿಯಲ್ಲಿ ಕೇಳಿದರು.

"ಎಲ್ಲಿಗೆ?"