ಯಾವ ಊರಿನ ಕಲ್ಲು

ಮೊನ್ನೆ ಕಲಬುರಗಿಯ ಪ್ರದರ್ಶನವೊಂದರಲ್ಲಿ ಮಣಿಸರವೊಂದನ್ನು ನೋಡಿದೆ. ಗುಲಾಬಿ ಬಣ್ಣ, ನಡುನಡುವೆ ಪಾಚಿಯಂಥ ಹಸಿರು. ಮಾರುವವನು ಹೆಸರು ಹೇಳುವ ಮೊದಲೇ ನನಗದು ಗೊತ್ತಿತ್ತು: ಯುನಕೈಟ್. ಆ ಹೆಸರು ನನಗೆ ತಿಳಿದದ್ದು ನೆಲೋಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಿಯಿಂದಾಗಿ.

ಕಾಕಿಯ ಹಾಲಿನ ಗಡಿಗೆಯ ಮುಚ್ಚಳದ ಮೇಲೆ, ಬೆಕ್ಕು ಬಾಯಿ ಹಾಕದಂತೆ, ಅಂಥದೇ ಕಲ್ಲೊಂದು ಇರುತ್ತಿತ್ತು. ಕಲ್ಲು ಒಡೆಯುವ ಕೆಲಸಕ್ಕೆಂದು ದೂರ ಹೋಗಿದ್ದ ಗಂಡ ಒಮ್ಮೆ ಊರಿಗೆ ಬಂದಾಗ ತಂದದ್ದು. ಕೆಲಸದ ಜಾಗದಲ್ಲಿ ಸಿಕ್ಕಿತು ಎಂದನಂತೆ. ಯಾವ ಊರೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಮರಳಿ ಹೋದವನು ಮತ್ತೆ ಬರಲಿಲ್ಲ...

ಒಣಗಿದಾಗ ಮಂಕಾಗಿರುತ್ತಿದ್ದ ಆ ಕಲ್ಲು ತೊಳೆದಾಗ ಮಿಂಚುತ್ತಿತ್ತು. ಕರಿಕಲ್ಲು, ನೆಲಕ್ಕೆ ಹಾಸುವ ಫರಸಿ ಬಿಟ್ಟರೆ ಬೇರೇನೂ ಕಾಣದ ನಮ್ಮ ಓಣಿ ಅದನ್ನು ಮಾಣಿಕ್ಯವೆಂದೇ ನಂಬಿತ್ತು.

"ಮಾಣಿಕ ಮಾರಿ ಬಂಗ್ಲೆ ಕಟ್ಟಸ್ತಿ ಏನ್ ಬೇ?" ಎಂದು ಎದುರುಮನೆಯಾಕೆ ಚುಚ್ಚಿದ್ದಳು.

"ನಿನ್ನ ಮನಿ ಬಾಜೂಕೇ ಕಟ್ಟಸ್ತೇನಿ. ದಿನಾ ನಿನ್ನ ಮಾರಿ ನೋಡಬೇಕಲ್ಲ!" ಎಂದು ಕಾಕಿ ನಕ್ಕಿದ್ದಳು.

ನಾನು ಪತ್ರಿಕೆಗೆ ಸೇರಿದ ಹೊಸತು. ಕಲ್ಲು ಬಲ್ಲವರ ಹತ್ತಿರ ಕರೆದುಕೊಂಡು ಹೋಗು ಎಂದಳು ಕಾಕಿ. ಬೆಲೆ ಕೇಳಲಿಕ್ಕೆಂದು ನಾನೂ ತಿಳಿದೆ.

ಕಲಬುರಗಿಯ ಭೂವಿಜ್ಞಾನದ ಉಪನ್ಯಾಸಕರೊಬ್ಬರು ಕಲ್ಲಿಗೆ ನೀರು ಹಚ್ಚಿ, ಭೂತಗನ್ನಡಿ ಹಿಡಿದು ನೋಡಿದರು. ಚಾಕು ಎಳೆದರೆ ಗೀರು ಬೀಳಲಿಲ್ಲ. ಬೆಣಚುಕಲ್ಲು ಎಳೆದಾಗ ಗುಲಾಬಿ ಭಾಗದಲ್ಲಿ ಗೆರೆ ಮೂಡಿತು.

"ಮಾಣಿಕ್ಯ ಆಗಿದ್ರ ಇದಕ್ಕ ಬಗ್ತಿರಲಿಲ್ರಿ. ಇದು ಮೊದಲು ಗ್ರಾನೈಟ್ ಇತ್ತು. ನೆಲದಾಗಿನ ಬಿಸಿನೀರು ಹೊಕ್ಕು ಅರ್ಧ ಹಸಿರಾಗೇದ, ಗುಲಾಬಿ ಹಂಗೇ ಉಳದದ. ಯುನಕೈಟ್ ಅಂತಾರ. ಚಂದದ ಕಲ್ಲು, ಆದ್ರ ಭಾಳ ಕಿಮ್ಮತ್ತಿಲ್ಲ."

"ಕಿಮ್ಮತ್ತು ಯಾರಿಗೆ ಬೇಕ್ರಿ?" ಎಂದಳು ಕಾಕಿ. "ಇದು ಯಾವ ಊರಾಗ ಸಿಗ್ತದ, ಅಷ್ಟು ಹೇಳ್ರಿ. ನಮ್ಮವರು ಅಲ್ಲೇ ಇರ್ತಾರ."

ಅವರು ಕಲ್ಲನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ಹಳೇ ಗ್ರಾನೈಟ್ ಇದ್ದ ಕಡೆ ಎಲ್ಲೆರ ಸಿಗಬಹುದು ತಾಯಿ. ಬರೇ ಕಲ್ಲು ನೋಡಿ ಊರು ಹೇಳಾಕ ಆಗೂದಿಲ್ಲ. ನಮ್ಮ ಕಡೀದಲ್ಲ, ಇಷ್ಟು ಖರೆ."

"ಅದು ನನಗೂ ಗೊತ್ತದರಿ."

ಮರಳುವ ಬಸ್ಸಿನಲ್ಲಿ ಜೇವರ್ಗಿ ಬರುವವರೆಗೆ ಅವಳು ಕಲ್ಲನ್ನು ಸೆರಗಿನಲ್ಲಿ ಹಿಡಿದು ಕೂತಿದ್ದಳು. ಆಮೇಲೆ, "ಏನಂದ್ರಪಾ ಅದಕ್ಕ?" ಎಂದು ಕೇಳಿದಳು. ಹೆಸರು ಹೇಳಿದೆ. ಎರಡು ಸಲ ಅನ್ನಲು ನೋಡಿದಳು, ನಾಲಿಗೆ ಹೊರಳಲಿಲ್ಲ...

ಕಾಕಿ ತೀರಿಕೊಂಡು ವರ್ಷಗಳಾದವು. 'ಅಪರಿಚಿತ ವ್ಯಕ್ತಿಯ ಶವ, ಗುರುತು ಪತ್ತೆಯಾಗಿಲ್ಲ' ಎಂಬ ತುಂಡು ಸುದ್ದಿಗಳು ದೂರದ ಜಿಲ್ಲೆಗಳಿಂದ ನನ್ನ ಮೇಜಿಗೆ ಈಗಲೂ ಬರುತ್ತವೆ. ಕಲ್ಲುಗಣಿ ಎಂಬ ಪದ ಕಂಡರೆ ವಯಸ್ಸು, ಎತ್ತರ, ತೊಟ್ಟ ಬಟ್ಟೆ ಎಲ್ಲವನ್ನೂ ಓದುತ್ತೇನೆ. ಕಾಕಿಯ ಗಂಡನ ಗುರುತು ಹತ್ತಿದರೂ ಹೋಗಿ ಹೇಳಲು ನೆಲೋಗಿಯಲ್ಲಿ ಈಗ ಯಾರೂ ಇಲ್ಲ.